ಎರೆ ಹೊಲದ ಹಾದಿಯ ಫೋರ್ ಬೈ ಫೋರ್: ಸರ್ವಿಸ್ ಎಷ್ಟು ದಿನಕ್ಕೊಮ್ಮೆ?

ಸಣ್ಣ ಫೋರ್ ಬೈ ಫೋರ್ ಗಾಡಿಯ ಸರ್ವಿಸ್‌ಗೆ ಕಂಪನಿಯ ಕೈಪಿಡಿ ಎರಡು ಲೆಕ್ಕ ಕೊಡುತ್ತದೆ. ಒಂದು ಕಿಲೋಮೀಟರಿನದು, ಇನ್ನೊಂದು ತಿಂಗಳಿನದು. ಯಾವುದು ಮೊದಲು ತುಂಬುತ್ತದೋ ಅದೇ ಗಡುವು. ಮಾರುತಿಯ ಪೆಟ್ರೋಲ್ ಗಾಡಿಗಳಿಗೆ ಮೊದಲ ತಪಾಸಣೆ 1,000 ಕಿ.ಮೀ. ಅಥವಾ 1 ತಿಂಗಳಿಗೆ, ಎರಡನೆಯದು 5,000 ಕಿ.ಮೀ. ಅಥವಾ 6 ತಿಂಗಳಿಗೆ, ಮೂರನೆಯದು 10,000 ಕಿ.ಮೀ. ಅಥವಾ ಒಂದು ವರ್ಷಕ್ಕೆ. ಅಲ್ಲಿಂದಾಚೆ ಪ್ರತಿ 10,000 ಕಿ.ಮೀ.ಗೆ ಇಲ್ಲವೇ ವರ್ಷಕ್ಕೆ ಒಮ್ಮೆ. ಬೇರೆ ಕಂಪನಿಗಳ ಅಂಕಿಗಳಲ್ಲಿ ತುಸು ವ್ಯತ್ಯಾಸವಿದ್ದರೂ ಲೆಕ್ಕದ ಬಗೆ ಇದೇ.

ಈ ಅಂಕಿಗಳು ಯಾರಿಗಾಗಿ ಬರೆದವು ಎಂಬುದನ್ನು ಮೊದಲು ಗಮನಿಸಬೇಕು. ಡಾಂಬರು ರಸ್ತೆಯಲ್ಲಿ, ಹದವಾದ ವೇಗದಲ್ಲಿ, ಹದವಾದ ಹವೆಯಲ್ಲಿ ಓಡುವ ಗಾಡಿಯನ್ನು ಕಣ್ಣ ಮುಂದಿಟ್ಟುಕೊಂಡು ಬರೆದವು ಅವು. ಅದೇ ಕೈಪಿಡಿಯ ಹಿಂದಿನ ಪುಟಗಳಲ್ಲಿ, ಹೆಚ್ಚಿನವರು ತಿರುವಿಯೂ ನೋಡದ ಇನ್ನೊಂದು ಪಟ್ಟಿ ಇರುತ್ತದೆ. ಧೂಳಿನ ಹಾದಿ, ಕೆಸರು, ಕಡು ಬಿಸಿಲು, ಟ್ರೇಲರ್ ಎಳೆಯುವುದು, ಎಂಜಿನ್ ಕಾಯುವ ಮೊದಲೇ ಮುಗಿಯುವ ಸಣ್ಣ ಸಣ್ಣ ಓಡಾಟ ಇವುಗಳಲ್ಲಿ ಯಾವುದಾದರೂ ಒಂದು ಇದ್ದರೂ ಗಡುವು ಕಡಿಮೆಯಾಗುತ್ತದೆ. ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ, ಬೀಳಗಿ ಭಾಗದಲ್ಲಿ ಹೊಲಕ್ಕೆ ಹೋಗಿ ಬರುವ ಗಾಡಿಗೆ ಇವೆಲ್ಲವೂ ಒಟ್ಟಿಗೇ ಅನ್ವಯಿಸುತ್ತವೆ. ಆದ್ದರಿಂದ ಇಲ್ಲಿಯ ರೈತ ಓದಬೇಕಾದದ್ದು ಹಿಂದಿನ ಪಟ್ಟಿಯನ್ನೇ.

ಕಿಲೋಮೀಟರಿನ ಲೆಕ್ಕ ಹೇಗೆ ತಪ್ಪುತ್ತದೆ ಎಂಬುದಕ್ಕೆ ಸರಳವಾದ ಒಂದು ಗಣಿತ ಸಾಕು. ಒಂದು ಗಾಡಿ ದಿನಾಲೂ ಮನೆಯಿಂದ ಹೊಲಕ್ಕೆ, ಹೊಲದಿಂದ ಗೊಬ್ಬರದ ಅಂಗಡಿಗೆ, ಅಲ್ಲಿಂದ ಕಾರ್ಖಾನೆಯ ಕಬ್ಬಿನ ಕಚೇರಿಗೆ ಓಡಾಡಿ ವರ್ಷಕ್ಕೆ 6,000 ಕಿ.ಮೀ. ಓಡಿತೆಂದುಕೊಳ್ಳೋಣ. ಬಂಡಿ ಹಾದಿಯಲ್ಲಿ ಸರಾಸರಿ ವೇಗ ಗಂಟೆಗೆ 15 ಕಿ.ಮೀ. ದಾಟುವುದಿಲ್ಲ. ಅಂದರೆ ಎಂಜಿನ್ ವರ್ಷದಲ್ಲಿ 400 ಗಂಟೆ ದುಡಿದಿದೆ. ಹೆದ್ದಾರಿಯಲ್ಲಿ ಗಂಟೆಗೆ 60ರ ವೇಗದಲ್ಲಿ ಓಡುವ ಕಾರು 10,000 ಕಿ.ಮೀ. ಮುಗಿಸಲು 167 ಗಂಟೆ ಸಾಕು. ಮೀಟರಿನಲ್ಲಿ ಕಡಿಮೆ ತೋರಿಸುವ ಹೊಲದ ಗಾಡಿ ನಿಜಕ್ಕೂ ಎರಡು ಪಟ್ಟಿಗಿಂತ ಹೆಚ್ಚು ದುಡಿದಿರುತ್ತದೆ. ಟ್ರ್ಯಾಕ್ಟರ್ ಇಟ್ಟವರಿಗೆ ಈ ಲೆಕ್ಕ ಹೊಸದಲ್ಲ. ಟ್ರ್ಯಾಕ್ಟರಿನಲ್ಲಿ ಗಂಟೆಯ ಮೀಟರ್ ಇರುತ್ತದೆ, ಸಾಮಾನ್ಯವಾಗಿ 250 ಗಂಟೆಗೊಮ್ಮೆ ಅದರ ಎಂಜಿನ್ ಆಯಿಲ್ ಬದಲಾಗುತ್ತದೆ. ಅದೇ ಮನೆಯ ಅಂಗಳದಲ್ಲಿ ನಿಂತ ಜೀಪಿಗೆ ಮಾತ್ರ ಕಿಲೋಮೀಟರ್ ತುಂಬಲಿ ಎಂದು ಕಾಯುವ ರೂಢಿ.

ಸಣ್ಣ ಓಡಾಟದಲ್ಲಿ ಇನ್ನೊಂದು ತೊಂದರೆಯೂ ಇದೆ. ಎಂಜಿನ್ ಸರಿಯಾಗಿ ಕಾಯ್ದರೆ ಮಾತ್ರ ಆಯಿಲ್‌ನಲ್ಲಿ ಸೇರಿದ ನೀರಿನಂಶ ಮತ್ತು ಸುಡದೆ ಉಳಿದ ಇಂಧನ ಆವಿಯಾಗಿ ಹೋಗುತ್ತವೆ. ಮೂರು ನಾಲ್ಕು ಕಿಲೋಮೀಟರಿಗೆ ಬಂದ್ ಆಗುವ ಎಂಜಿನ್‌ನಲ್ಲಿ ಅವು ಅಲ್ಲೇ ಕೂಡುತ್ತ ಹೋಗುತ್ತವೆ. ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಇದು ಇನ್ನೂ ಸೂಕ್ಷ್ಮ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ತನ್ನಷ್ಟಕ್ಕೆ ಸುಟ್ಟು ಶುಚಿಯಾಗಬೇಕಾದರೆ ಗಾಡಿ ಒಂದಿಷ್ಟು ಹೊತ್ತು ಬಿಡುಬೀಸಾಗಿ ಓಡಬೇಕು. ಹಾಗಾಗದಿದ್ದರೆ ಡೀಸೆಲ್ ಆಯಿಲ್‌ಗೆ ಇಳಿದು ಅಳತೆ ಕಡ್ಡಿಯಲ್ಲಿ ಆಯಿಲ್ ಮಟ್ಟ ಏರಿದಂತೆ ಕಾಣುತ್ತದೆ. ಇಳಿದ ಆಯಿಲ್‌ಗೆ ಎಲ್ಲರೂ ಗಾಬರಿಯಾಗುತ್ತಾರೆ, ಏರಿದ ಆಯಿಲ್‌ಗೆ ಯಾರೂ ಆಗುವುದಿಲ್ಲ. ಗಾಬರಿಯಾಗಬೇಕಾದದ್ದು ಎರಡಕ್ಕೂ. ವಾರಕ್ಕೊಮ್ಮೆ ಜಮಖಂಡಿಯಿಂದ ವಿಜಯಪುರದ ಕಡೆಗೋ, ಮುಧೋಳದಿಂದ ಬಾಗಲಕೋಟೆಯ ಕಡೆಗೋ ಅರ್ಧ ಗಂಟೆ ಒಂದೇ ಸಮ ಓಡಿಸಿ ತಂದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಫೋರ್ ಬೈ ಫೋರ್ ಗಾಡಿಗೂ ಸಾದಾ ಕಾರಿಗೂ ಸರ್ವಿಸ್‌ನಲ್ಲಿರುವ ದೊಡ್ಡ ವ್ಯತ್ಯಾಸ ಆಯಿಲ್ ಇರುವ ಜಾಗಗಳದು. ಸಾದಾ ಸಣ್ಣ ಕಾರಿನಲ್ಲಿ ಎಂಜಿನ್ ಮತ್ತು ಗೇರ್ ಬಾಕ್ಸ್ ಎರಡನ್ನು ನೋಡಿದರೆ ಮುಗಿಯಿತು. ಜಿಮ್ನಿ, ಜಿಪ್ಸಿ, ಥಾರ್, ಹಳೆಯ ಮಹೀಂದ್ರಾ ಜೀಪು ಇವುಗಳಲ್ಲಿ ಐದು ಜಾಗಗಳಿವೆ: ಎಂಜಿನ್, ಗೇರ್ ಬಾಕ್ಸ್, ಶಕ್ತಿಯನ್ನು ಹಿಂದೆ ಮುಂದೆ ಹಂಚುವ ಟ್ರಾನ್ಸ್‌ಫರ್ ಕೇಸ್, ಹಿಂದಿನ ಡಿಫರೆನ್ಷಿಯಲ್, ಮುಂದಿನ ಡಿಫರೆನ್ಷಿಯಲ್. ಕೊನೆಯ ಎರಡಕ್ಕೆ ಗ್ಯಾರೇಜಿನಲ್ಲಿ ಕ್ರೌನ್ ಎನ್ನುತ್ತಾರೆ. ಅವಸರದ ಸರ್ವಿಸ್‌ನಲ್ಲಿ ಎಂಜಿನ್ ಆಯಿಲ್ ಬದಲಾಗುತ್ತದೆ, ಉಳಿದ ನಾಲ್ಕರ ಬೋಲ್ಟನ್ನು ಯಾರೂ ಮುಟ್ಟಿರುವುದಿಲ್ಲ. ಬಿಲ್ಲಿನಲ್ಲಿ ಸರ್ವಿಸ್ ಎಂದೇ ಬರೆದಿರುತ್ತದೆ. ಡಾಂಬರಿನ ಮೇಲೆಯೇ ಓಡುವ ಗಾಡಿಗೆ ಈ ನಾಲ್ಕು ಆಯಿಲ್‌ಗಳು ಸುಮಾರು 40,000 ಕಿ.ಮೀ. ಬರಬಹುದು. ಕೆಸರಿನಲ್ಲಿ ದುಡಿಯುವ ಗಾಡಿಗೆ 20,000 ಕಿ.ಮೀ.ಗೆ ಬದಲಿಸುವುದು ಲೇಸು. ಮಟ್ಟ ಮತ್ತು ಬಣ್ಣ ನೋಡುವ ಕೆಲಸ ಮಾತ್ರ ಪ್ರತಿ ಸರ್ವಿಸ್‌ನಲ್ಲೂ ಆಗಬೇಕು.

ಇದರಲ್ಲಿ ಒಂದು ಸಣ್ಣ ಜಾಣತನವಿದೆ. ಹಳೆಯ ಆಯಿಲ್ ಇಳಿಸುವ ಕೆಳಗಿನ ಬೋಲ್ಟನ್ನು ಬಿಚ್ಚುವ ಮೊದಲು, ಹೊಸ ಆಯಿಲ್ ತುಂಬುವ ಮೇಲಿನ ಬೋಲ್ಟ್ ಬಿಚ್ಚುತ್ತದೆಯೇ ಎಂದು ನೋಡಿಕೊಳ್ಳಬೇಕು. ತುಕ್ಕು ಹಿಡಿದ ಮೇಲಿನ ಬೋಲ್ಟ್ ಅಲ್ಲಾಡದೆ ಹೋದರೆ, ಆಯಿಲ್ ಖಾಲಿಯಾದ ಗಾಡಿ ಗ್ಯಾರೇಜಿನಲ್ಲೇ ನಿಂತುಬಿಡುತ್ತದೆ.

ಮುಂದಿನ ಗಾಲಿಗಳಿಗೆ ಶಕ್ತಿ ಕೊಡುವ ವ್ಯವಸ್ಥೆ ಈ ಗಾಡಿಗಳಲ್ಲಿ ಬೇಕಾದಾಗ ಹಾಕಿಕೊಳ್ಳುವಂಥದು. ಅದನ್ನು ಒಣ ಡಾಂಬರಿನ ಮೇಲೆ ಹಾಕಬಾರದು. ತಿರುವಿನಲ್ಲಿ ಮುಂದಿನ ಗಾಲಿ ಮತ್ತು ಹಿಂದಿನ ಗಾಲಿ ಒಂದೇ ದೂರ ಸುತ್ತುವುದಿಲ್ಲ. ಕೆಸರಿನಲ್ಲಾದರೆ ಟೈರ್ ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ, ಗಟ್ಟಿ ರಸ್ತೆಯಲ್ಲಿ ಅದು ಟ್ರಾನ್ಸ್‌ಫರ್ ಕೇಸಿನ ಗೇರುಗಳ ಮೇಲೆ, ಶಾಫ್ಟಿನ ಮೇಲೆ ಬೀಳುತ್ತದೆ. ಇದರ ತಿರುಗುಮುರುಗಿನ ತಪ್ಪೂ ಉಂಟು: ವರ್ಷಗಟ್ಟಲೆ ಫೋರ್ ಬೈ ಫೋರ್ ಹಾಕದೇ ಇರುವುದು. ಮುಂದಿನ ಭಾಗಗಳು ಸರಿಯಾಗಿ ತಿರುಗದೆ ಸೀಲುಗಳು ಒಣಗುತ್ತವೆ, ಬದಲಿಸುವ ಕಡ್ಡಿ ಬಿಗಿಯುತ್ತದೆ, ಮಳೆಯಲ್ಲಿ ಸಿಕ್ಕಿಬಿದ್ದ ದಿನವೇ ಅದು ಕೈಕೊಡುತ್ತದೆ. ತಿಂಗಳಿಗೊಮ್ಮೆ ಹೊಲದ ಮೆತ್ತನೆ ಹಾದಿಯಲ್ಲಿ ಒಂದೆರಡು ಕಿಲೋಮೀಟರು ಹಾಕಿ ಓಡಿಸುವುದು ಖರ್ಚಿಲ್ಲದ ಸರ್ವಿಸ್.

ನಾಲ್ಕೂ ಟೈರುಗಳು ಒಂದೇ ಅಳತೆಯವು, ಹೆಚ್ಚು ಕಡಿಮೆ ಒಂದೇ ಸವೆತದವು ಇರಬೇಕೆಂಬ ನಿಯಮವೂ ಇದೇ ಕಾರಣಕ್ಕೆ ಬಂದದ್ದು. ಎರಡು ಹೊಸ, ಎರಡು ಬೋಳು ಟೈರು ಹಾಕಿದರೆ ಸುತ್ತಳತೆಯ ವ್ಯತ್ಯಾಸ ಫೋರ್ ಬೈ ಫೋರ್ ಹಾಕಿದಾಗಲೆಲ್ಲ ಗೇರುಗಳನ್ನು ತಿನ್ನುತ್ತದೆ. 10,000 ಕಿ.ಮೀ.ಗೊಮ್ಮೆ ಟೈರುಗಳ ಜಾಗ ಬದಲಿಸಬೇಕು, ಹವಾ ಎರಡು ವಾರಕ್ಕೊಮ್ಮೆ ನೋಡಬೇಕು. ಸ್ಟೆಪ್ನಿಯದನ್ನೂ ಸೇರಿಸಿ.

ಈ ಸೀಮೆಯಲ್ಲಿ ಸರ್ವಿಸ್‌ನ ಗಡುವನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸುವುದು ನೀರು. ಕೃಷ್ಣೆ ಮತ್ತು ಘಟಪ್ರಭೆಯ ದಂಡೆ, ಬೀಳಗಿಯ ಕಡೆ ಆಲಮಟ್ಟಿಯ ಹಿನ್ನೀರು, ಹಿಪ್ಪರಗಿಯ ಬ್ಯಾರೇಜು, 1989ರಲ್ಲಿ ಜಮಖಂಡಿ ಭಾಗದ ರೈತರು ತಾವೇ ದುಡ್ಡು ಕೂಡಿಸಿ ಕಟ್ಟಿದ ಚಿಕ್ಕಪಡಸಲಗಿ ಬ್ಯಾರೇಜು ಇವುಗಳಿಂದ ಬೇಸಿಗೆಯಲ್ಲೂ ಕಬ್ಬಿಗೆ ನೀರು ಹರಿಯುತ್ತದೆ. ಮಳೆ ಬರಲಿ ಬಿಡಲಿ, ಹೊಲದ ಹಾದಿಯಲ್ಲಿ ಎಲ್ಲಾದರೊಂದು ಕಡೆ ಕಾಲುವೆ ಒಡೆದು ಕೆಸರು ನಿಂತೇ ಇರುತ್ತದೆ.

ನೀರು ಒಳಗೆ ಹೋಗುವ ರೀತಿ ಹೀಗೆ. ಹತ್ತಾರು ಕಿಲೋಮೀಟರು ಓಡಿ ಬಂದ ಗಾಡಿಯ ಕ್ರೌನ್ ಕೈ ಇಡಲಾಗದಷ್ಟು ಕಾಯ್ದಿರುತ್ತದೆ. ಅದು ತಟ್ಟನೆ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದ ಜಾಗಕ್ಕೆ ಹೊರಗಿನಿಂದ ಏನಾದರೂ ಬರಲೇಬೇಕು. ಗಾಳಿಯಾಡಲೆಂದು ಮೇಲೆ ಬಿಟ್ಟಿರುವ ಬ್ರೀದರ್ ಎಂಬ ಸಣ್ಣ ನಳಿಕೆ ಕೆಸರಿನಿಂದ ಕಟ್ಟಿಕೊಂಡಿದ್ದರೆ, ಸೀಲಿನ ಸಂದಿನಿಂದ ನೀರೇ ಒಳಗೆ ನುಗ್ಗುತ್ತದೆ. ಕೆಲವು ದಿನಗಳಲ್ಲಿ ಆಯಿಲ್ ಹಾಲು ಬಿದ್ದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಆ ಆಯಿಲ್‌ಗೆ ಜಿಡ್ಡು ಉಳಿದಿರುವುದಿಲ್ಲ, ಬೇರಿಂಗುಗಳಿಗೆ ತುಕ್ಕು ಹಿಡಿಯುತ್ತದೆ. ಕೂಗುವ ಸದ್ದು ಕೇಳಿಬರುವ ಹೊತ್ತಿಗೆ ಖರ್ಚು ಆಯಿಲ್‌ನದಾಗಿ ಉಳಿದಿರುವುದಿಲ್ಲ, ಕ್ರೌನ್ ಪಿನಿಯನ್‌ನದಾಗಿರುತ್ತದೆ. ಆದ್ದರಿಂದ ಗಾಲಿಯ ನಡುಭಾಗ ಮುಳುಗುವಷ್ಟು ನೀರಿಗೆ ಇಳಿದ ಗಾಡಿಗೆ ಕಿಲೋಮೀಟರಿನ ಲೆಕ್ಕವೂ ಇಲ್ಲ, ತಿಂಗಳಿನ ಲೆಕ್ಕವೂ ಇಲ್ಲ. ಆ ವಾರದಲ್ಲೇ ಎರಡೂ ಕ್ರೌನ್‌ಗಳ, ಟ್ರಾನ್ಸ್‌ಫರ್ ಕೇಸಿನ ಆಯಿಲ್ ನೋಡಬೇಕು. ಬ್ರೀದರ್ ಬಿಚ್ಚಿ ಊದಿ ನೋಡಬೇಕು. ಹಿಂದಿನ ಬ್ರೇಕ್ ಡ್ರಮ್ ತೆಗೆದು ಕೆಸರು ತೊಳೆಯಬೇಕು. ಗ್ರೀಸ್ ನಿಪ್ಪಲ್ ಇರುವ ಹಳೆಯ ಗಾಡಿಗಳ ಶಾಫ್ಟ್ ಜಾಯಿಂಟುಗಳಿಗೆ ಹಳೆಯ ಗ್ರೀಸ್ ಹೊರಬರುವವರೆಗೆ ಹೊಸ ಗ್ರೀಸ್ ಹೊಡೆಯಬೇಕು.

ಎಷ್ಟು ಆಳಕ್ಕೆ ಇಳಿಯಬಹುದೆಂದು ಕಂಪನಿ ಹೇಳಿರುತ್ತದೆ. 2020ರ ಥಾರ್‌ಗೆ ಅದು 650 ಮಿಲಿಮೀಟರ್, ಅಂದರೆ ಎರಡು ಅಡಿಗಿಂತ ತುಸು ಹೆಚ್ಚು. ಅದು ನಿಧಾನವಾಗಿ, ನಿಂತ ನೀರಿನಲ್ಲಿ. ಹರಿಯುವ ಹೊಳೆಗೆ ಆ ಅಂಕಿ ಅನ್ವಯಿಸುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿದಾಗ ಆದಂತೆ ಗಾಡಿಯೇ ನೆರೆಯಲ್ಲಿ ಮುಳುಗಿದ್ದರೆ ಚಾವಿ ತಿರುಗಿಸಲೇಬಾರದು. ಸಿಲಿಂಡರಿನಲ್ಲಿ ನಿಂತ ನೀರು ಒತ್ತಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬ್ಯಾಟರಿ ತಂತಿ ಬಿಚ್ಚಿ, ಗಾಡಿಯನ್ನು ಎಳೆದೊಯ್ದು, ಐದೂ ಜಾಗದ ಆಯಿಲ್ ಇಳಿಸಿದ ಮೇಲೆ ಮುಂದಿನ ಮಾತು.

ಕಾಲುವೆ ನೀರಾವರಿಯ ಜೊತೆ ಬಂದ ಸವಳು-ಜವಳು ನೆಲ ಬೆಳೆಗಷ್ಟೇ ಅಲ್ಲ, ಗಾಡಿಗೂ ಕೇಡು. ಉಪ್ಪಿನಂಶವಿರುವ ಕೆಸರು ಚಾಸಿಯ ಮೂಲೆಗಳಲ್ಲಿ ಕೂತು ಒಣಗಿ, ಮತ್ತೆ ನೆನೆದು, ಒಳಗಿನಿಂದ ತುಕ್ಕು ತರುತ್ತದೆ. ಎರೆ ಮಣ್ಣಿನ ಜಿಗುಟು ಅದಕ್ಕೆ ಇನ್ನಷ್ಟು ನೆರವಾಗುತ್ತದೆ. ಊರ ಹೊರಗಿನ ವಾಟರ್ ಸರ್ವಿಸ್ ಅಂಗಡಿಯಲ್ಲಿ ಬಾನೆಟ್ಟಿಗೂ ಬಾಗಿಲಿಗೂ ಹೊಳಪು ಬರುತ್ತದೆ, ಆದರೆ ತೊಳೆಯಬೇಕಾದದ್ದು ಕೆಳಭಾಗ. ಗಾಡಿಯನ್ನು ಎತ್ತಿ ಕೆಳಗಿನಿಂದ ನೀರು ಹೊಡೆಸುವ ಕೆಲಸ ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆಯಾದರೂ ಆಗಬೇಕು. ಜೋರು ನೀರಿನ ಬಾಯನ್ನು ಬೇರಿಂಗು, ಸೀಲು, ಬ್ರೀದರುಗಳಿಗೆ ನೇರ ಹಿಡಿಯಬಾರದು.

ಕಬ್ಬು ನುರಿಸುವ ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್ ಕೊನೆ ಅಥವಾ ನವೆಂಬರಿನಲ್ಲಿ ಶುರುವಾಗಿ ಫೆಬ್ರುವರಿ-ಮಾರ್ಚಿನವರೆಗೆ ನಡೆಯುತ್ತದೆ. ಆಗ ನೀರಿನ ಕಾಟ ಕಡಿಮೆ, ಧೂಳಿನ ಕಾಟ ಹೆಚ್ಚು. ಜೋಡಿ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಹೊಲದ ಮಣ್ಣನ್ನು ಗಾಲಿಗೆ ಮೆತ್ತಿಕೊಂಡು ರಸ್ತೆಗೆ ತರುತ್ತವೆ. ಅದು ಒಣಗಿ ಹಿಟ್ಟಾಗಿ ಗಾಳಿಯಲ್ಲಿ ತೇಲುತ್ತದೆ. ಏರ್ ಫಿಲ್ಟರ್ ಎಂಬ ಕಾಗದದ ಡಬ್ಬಿ ಎಂಜಿನ್ನಿಗೆ ಈ ಹಿಟ್ಟು ಹೋಗದಂತೆ ತಡೆಯುತ್ತದೆ. ಹಂಗಾಮಿನಲ್ಲಿ ಅದನ್ನು 2,500 ಕಿ.ಮೀ.ಗೊಮ್ಮೆ ಅಥವಾ ತಿಂಗಳಿಗೊಮ್ಮೆ ತೆಗೆದು ನೋಡಬೇಕು. ಹವಾ ಹೊಡೆಯುವುದಾದರೆ ಒಳಗಿನಿಂದ ಹೊರಗೆ, ಮೆಲ್ಲಗೆ. ಹೊರಗಿನಿಂದ ಒಳಗೆ ಹೊಡೆದರೆ ಧೂಳು ಎಂಜಿನ್ನಿನ ಕಡೆಗೇ ಹೋಗುತ್ತದೆ. ನೀರಿನಲ್ಲಿ ತೊಳೆದ ಕಾಗದದ ಫಿಲ್ಟರನ್ನು ಮತ್ತೆ ಬಳಸಬಾರದು. ಹಳೆಯ ಡೀಸೆಲ್ ಜೀಪುಗಳಲ್ಲಿ ಇರುವುದು ಎಣ್ಣೆಯ ಬಟ್ಟಲಿನ ಏರ್ ಕ್ಲೀನರ್. ಧೂಳಿಗೆ ಅದು ಈಗಲೂ ಗಟ್ಟಿ ಉಪಾಯವೇ, ಆದರೆ ಬಟ್ಟಲಿನ ತಳದಲ್ಲಿ ರಾಡಿ ಕೂತ ಮೇಲೆ ಅದು ಏನನ್ನೂ ಹಿಡಿಯುವುದಿಲ್ಲ. ರಾಡಿ ಚೆಲ್ಲಿ, ಗೆರೆಯವರೆಗೆ ಹೊಸ ಎಣ್ಣೆ ಹಾಕಬೇಕು. ಗೆರೆ ದಾಟಿ ಹಾಕಿದರೆ ಎಂಜಿನ್ ಎಣ್ಣೆಯನ್ನೇ ಎಳೆದುಕೊಳ್ಳುತ್ತದೆ.

ಕಬ್ಬಿನ ರವದಿಯ ವಿಷಯ ಕೈಪಿಡಿಯಲ್ಲಿ ಸಿಗುವುದಿಲ್ಲ. ಕಡಿದ ಹೊಲದಲ್ಲಿ ಗಾಡಿ ಓಡಾಡಿದಾಗ ಒಣ ರವದಿ ಶಾಫ್ಟಿಗೆ ಸುತ್ತಿಕೊಂಡು ಸೀಲಿನವರೆಗೆ ಹೋಗುತ್ತದೆ, ಸೈಲೆನ್ಸರ್ ಕೊಳವೆಯ ಮೇಲೆ ಕೂಡುತ್ತದೆ, ರೇಡಿಯೇಟರಿನ ಜಾಲರಿಯನ್ನು ಮುಚ್ಚುತ್ತದೆ. ಕಾಯ್ದ ಸೈಲೆನ್ಸರಿನ ಮೇಲೆ ಒಣ ರವದಿ ಕೂತರೆ ಬೆಂಕಿಯ ಭಯ. ಹೊಲದಿಂದ ಬಂದ ದಿನವೇ ಬಗ್ಗಿ ನೋಡಿ ಕಿತ್ತು ಹಾಕುವುದೊಂದೇ ಇದಕ್ಕೆ ಸರ್ವಿಸ್. ಕಬ್ಬು ಕಡಿದಾಗ ನೆಲೆ ಕಳೆದುಕೊಂಡ ಇಲಿಗಳು ಬೆಚ್ಚಗಿನ ಬಾನೆಟ್ಟಿನೊಳಗೆ ಸೇರಿ ತಂತಿ ಕಡಿಯುವುದೂ ಅದೇ ಹಂಗಾಮಿನಲ್ಲಿ. ಹೊಸ ಗಾಡಿಗಳಲ್ಲಿ ಒಂದು ತಂತಿ ತುಂಡಾದರೆ ಎಂಜಿನ್ ಚಾಲೂ ಆಗದಿರಬಹುದು.

ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ರೇಡಿಯೇಟರಿಗೆ ಬೋರಿನ ನೀರು ಹಾಕುವುದು ದೊಡ್ಡ ತಪ್ಪು. ಆ ಗಡಸು ನೀರು ಕಾಯ್ದು ಕೊಳವೆಯೊಳಗೆ ಸುಣ್ಣದ ಪದರು ಕಟ್ಟುತ್ತದೆ. ಕೂಲಂಟ್ ಮಾತ್ರ ಹಾಕಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು, ಕಿಲೋಮೀಟರು ಎಷ್ಟೇ ಇರಲಿ ಎರಡು ವರ್ಷಕ್ಕೆ ಬದಲಾಗಬೇಕು.

ಇಂಧನದ ಮಾತಿಗೆ ಬಂದರೆ, ಇಲ್ಲಿಯ ಕಬ್ಬೇ ಈಗ ಪೆಟ್ರೋಲ್ ಟ್ಯಾಂಕಿಗೆ ಮರಳಿ ಬರುತ್ತಿದೆ. ಸಕ್ಕರೆ ಕಾರ್ಖಾನೆಗಳಲ್ಲೂ ತಯಾರಾಗುವ ಎಥೆನಾಲನ್ನು ಪೆಟ್ರೋಲಿಗೆ ಶೇ. 20ರಷ್ಟು ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಆ ಮಿಶ್ರಣಕ್ಕೆ ಹೊಂದುವಂಥ ಗಾಡಿಗಳ ತಯಾರಿಕೆ 2023ರ ಏಪ್ರಿಲ್‌ನಿಂದ ಶುರುವಾಯಿತು. ಆ ವರ್ಷದ ಜೂನ್‌ನಲ್ಲಿ ಬಂದ ಐದು ಬಾಗಿಲಿನ ಜಿಮ್ನಿಗೆ ಇದರಿಂದ ತೊಂದರೆ ಇಲ್ಲ. ಹಳೆಯ ಕೆಲವು ಗಾಡಿಗಳಲ್ಲಿ 20,000ದಿಂದ 30,000 ಕಿ.ಮೀ. ಬಳಕೆಯ ನಂತರ ರಬ್ಬರ್ ಭಾಗಗಳನ್ನೂ ಗ್ಯಾಸ್ಕೆಟ್‌ಗಳನ್ನೂ ಬದಲಿಸಬೇಕಾಗಬಹುದು ಎಂದು ಕೇಂದ್ರ ಸರ್ಕಾರವೇ ಹೇಳಿದೆ. ಕಾರ್ಬೊರೇಟರ್ ಇರುವ ಜಿಪ್ಸಿಯ ಪೆಟ್ರೋಲ್ ಪೈಪುಗಳನ್ನು ಪ್ರತಿ ಸರ್ವಿಸ್‌ನಲ್ಲೂ ಬಾಗಿಸಿ, ಮೂಸಿ ನೋಡುವುದು ಒಳ್ಳೆಯದು. ಎಥೆನಾಲ್ ನೀರನ್ನು ಸೆಳೆಯುತ್ತದೆ, ಆದ್ದರಿಂದ ತಿಂಗಳುಗಟ್ಟಲೆ ನಿಲ್ಲುವ ಗಾಡಿಯ ಟ್ಯಾಂಕನ್ನು ಅರ್ಧ ಖಾಲಿ ಬಿಡಬಾರದು.

ಹಳೆಯ ಗಾಡಿಗಳದು ಬೇರೆಯೇ ಲೆಕ್ಕ. ಮಹೀಂದ್ರಾ ಕಂಪನಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪು ಜೋಡಿಸಲು ತೊಡಗಿದ್ದು 1947ರಲ್ಲಿ, ಮಾರುತಿ ಜಿಪ್ಸಿ ಬಂದದ್ದು 1985ರಲ್ಲಿ. ಮೊದಲು 970 ಸಿಸಿ ಎಂಜಿನ್, 1996ರಿಂದ 1,298 ಸಿಸಿ. ಈ ಗಾಡಿಗಳಿಗೆ 10,000 ಕಿ.ಮೀ.ಯ ಗಡುವು ಹೊಂದುವುದಿಲ್ಲ, ಎಂಜಿನ್ ಆಯಿಲ್ 5,000ಕ್ಕೆ ಬದಲಾಗಬೇಕು, ಹೊಲದ ದುಡಿತವಿದ್ದರೆ ಅದಕ್ಕೂ ಮೊದಲೇ. ಶಾಫ್ಟ್ ಜಾಯಿಂಟು, ಪಾಟಾದ ಶಾಕಲ್ ಇವುಗಳಿಗೆ ಅದೇ ಗಡುವಿನಲ್ಲಿ ಗ್ರೀಸ್. ಜಿಪ್ಸಿಯಲ್ಲಿ ಟೈಮಿಂಗ್ ಬೆಲ್ಟ್ ಇದೆ. ಸುಮಾರು 1 ಲಕ್ಷ ಕಿ.ಮೀ.ಗೆ ಅದನ್ನು ಬದಲಿಸುವುದು ವಾಡಿಕೆ, ಆದರೆ ರಬ್ಬರಿಗೆ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಹರಾಜಿನಲ್ಲೋ ಕೈ ಬದಲಾಗಿಯೋ ಬಂದ ಜಿಪ್ಸಿಯ ಬೆಲ್ಟ್ ಯಾವಾಗ ಹಾಕಿದ್ದೆಂದು ಯಾರಿಗೂ ಗೊತ್ತಿಲ್ಲದಿದ್ದರೆ, ಕೊಂಡ ವಾರದಲ್ಲೇ ಹೊಸದು ಹಾಕಿಸಬೇಕು. ಜಿಮ್ನಿಯಲ್ಲಿ ಬೆಲ್ಟಿನ ಬದಲು ಚೈನ್ ಇರುವುದರಿಂದ ಆ ಚಿಂತೆ ಇಲ್ಲ. ಮುಂದಿನ ಅಚ್ಚು ಒಂದೇ ತುಂಡಿನದಾದ ಜಿಪ್ಸಿ, ಜಿಮ್ನಿ ಎರಡರಲ್ಲೂ ಗಂಟೆಗೆ 60-70ರ ವೇಗದಲ್ಲಿ ಸ್ಟಿಯರಿಂಗ್ ನಡುಗತೊಡಗಿದರೆ ಕಿಂಗ್ ಪಿನ್ ಬೇರಿಂಗ್, ಬುಷ್, ಗಾಲಿಯ ಬ್ಯಾಲೆನ್ಸ್ ನೋಡಿಸಬೇಕು. ಇದಕ್ಕೆ ಮುಂದಿನ ಸರ್ವಿಸ್‌ವರೆಗೆ ಕಾಯಬಾರದು.

ಇಷ್ಟನ್ನೂ ಕೂಡಿಸಿ ಲೆಕ್ಕ ಹಾಕಿದರೆ, ಹೊಲಕ್ಕೆ ಹೋಗುವ ಸಣ್ಣ ಫೋರ್ ಬೈ ಫೋರ್ ಗಾಡಿಗೆ ವರ್ಷಕ್ಕೆ ಎರಡು ಪೂರ್ಣ ಸರ್ವಿಸ್ ಬೇಕು, ಅಥವಾ 5,000 ಕಿ.ಮೀ.ಗೆ ಒಂದು. ಇಲ್ಲಿಯ ಹಂಗಾಮಿಗೆ ಹೊಂದುವ ಕಾಲ ದಸರೆ ಮತ್ತು ಯುಗಾದಿ, ಎರಡರ ನಡುವೆ ಹೆಚ್ಚು ಕಡಿಮೆ ಆರು ತಿಂಗಳ ಅಂತರ. ದಸರೆಯ ಹೊತ್ತಿಗೆ ಮಳೆ ಹಿಂದೆ ಸರಿಯುತ್ತಿರುತ್ತದೆ. ಖಂಡೆ ಪೂಜೆಗೆ ಹೇಗೂ ಗಾಡಿ ತೊಳೆಯುತ್ತಾರೆ, ಪೂಜೆಗೆ ಮುಂಚೆ ಎಂಜಿನ್ ಆಯಿಲ್ ಬದಲಿಸಿ, ಉಳಿದ ನಾಲ್ಕು ಜಾಗದ ಆಯಿಲ್‌ನಲ್ಲಿ ಮಳೆಗಾಲದ ನೀರು ಸೇರಿದೆಯೇ ಎಂದು ನೋಡಿದರೆ ಗಾಡಿ ನುರಿಸುವ ಹಂಗಾಮಿಗೆ ಸಿದ್ಧ. ಯುಗಾದಿಗೆ ಹಂಗಾಮಿನ ಧೂಳು ಮುಗಿದಿರುತ್ತದೆ. ಆಗ ಎಂಜಿನ್ ಆಯಿಲ್, ಹೊಸ ಏರ್ ಫಿಲ್ಟರ್, ಕೂಲಂಟ್, ರೇಡಿಯೇಟರ್ ಶುಚಿ. ಮಿರಗದ ಮಳೆಗೆ ಮೊದಲು ಬ್ರೇಕ್, ವೈಪರ್, ಬ್ರೀದರ್, ಟೈರು ಇಷ್ಟನ್ನು ನೋಡಲು ಅರ್ಧ ದಿನ ಸಾಕು. ರಬಕವಿ-ಬನಹಟ್ಟಿ ಪೇಟೆಯೊಳಗೆ ನೂಲು ಮತ್ತು ಸೀರೆಯ ವ್ಯವಹಾರಕ್ಕಷ್ಟೇ ಓಡಾಡುವ, ಹೊಲದ ಮುಖ ಕಾಣದ ಗಾಡಿಗೆ ಕಂಪನಿಯ ಮೊದಲ ಪಟ್ಟಿಯೇ ಸಾಲುತ್ತದೆ. ಅದಕ್ಕೂ ವರ್ಷದ ಗಡುವು ಮೀರಬಾರದು.

ವಾರಂಟಿ ಇರುವವರೆಗೆ ಕಂಪನಿಯ ಗಡುವುಗಳನ್ನು ಅಧಿಕೃತ ಕೇಂದ್ರದಲ್ಲೇ ಮುಗಿಸಿ ಪುಸ್ತಕಕ್ಕೆ ಮುದ್ರೆ ಹಾಕಿಸಬೇಕು. ನಡುವಿನ ಹೆಚ್ಚುವರಿ ಆಯಿಲ್ ಬದಲಾವಣೆಗೆ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲ್ ಕೊಂಡು ಬಿಲ್ಲು ಇಟ್ಟುಕೊಂಡರೆ ಆಯಿತು. ವಾರಂಟಿ ಮುಗಿದ ಮೇಲೆ ಊರಿನ ನುರಿತ ಮಿಸ್ತ್ರಿಯೇ ಐದೂ ಜಾಗ ನೋಡಬಲ್ಲ, ಮಾಲೀಕ ಪಕ್ಕದಲ್ಲಿ ನಿಂತಿದ್ದರೆ ಇನ್ನೂ ಒಳ್ಳೆಯದು. ಆಯಿಲ್ ಇಳಿಸುವ ಬೋಲ್ಟಿಗೆ ಹಲವು ಗಾಡಿಗಳಲ್ಲಿ ಅಯಸ್ಕಾಂತವಿರುತ್ತದೆ. ಅದಕ್ಕೆ ಬೂದಿಯಂಥ ನುಣ್ಣನೆ ಕಬ್ಬಿಣದ ಪುಡಿ ಅಂಟಿದ್ದರೆ ಅದು ಸಹಜ ಸವೆತ, ಒರೆಸಿ ಮತ್ತೆ ಹಾಕಬಹುದು. ಬೆರಳಿಗೆ ಚುಚ್ಚುವಂಥ ಚೂರು ಸಿಕ್ಕರೆ ಹಲ್ಲೊಂದು ಮುರಿಯುತ್ತಿದೆ ಎಂದರ್ಥ. ಆಗ ಹೊಸ ಆಯಿಲ್ ತುಂಬದೆ, ಕ್ರೌನನ್ನೇ ಬಿಚ್ಚಿ ನೋಡಿಸಬೇಕು.